ಅರಿವಳಿಕೆ ಇಳಿಯುವ ಹೊತ್ತಿಗೆ

ಎಚ್ಚರವಾಗಿರುವ ಮನುಷ್ಯ ಬಾಯಿ ತೆರೆಯುವ ಮೊದಲು ಹಿಂದೆ ಮುಂದೆ ನೋಡುತ್ತಾನೆ. ಅರಿವಳಿಕೆ ಇಳಿಯುತ್ತಿರುವ ಮನುಷ್ಯ ನೋಡುವುದಿಲ್ಲ. ದಿನಬೆಳಗಾದರೆ ಅಂಥವರ ತಲೆದೆಸೆಯಲ್ಲಿ ನಿಲ್ಲುವುದೇ ನನ್ನ ಕೆಲಸ. ಹೀಗಿರುವಾಗ ನಾನು ಮುಂದೆ ಹೇಳುವಂಥವು ನಡೆಯದೆ ಇನ್ನೇನು ನಡೆಯುತ್ತದೆ?

ನಾನು ಅರಿವಳಿಕೆ ಡಾಕ್ಟರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ಊರುಗಳಲ್ಲಿ ನಾನು ಹೋಗುವ ನರ್ಸಿಂಗ್ ಹೋಮುಗಳಲ್ಲಿ ಒಂದಕ್ಕೂ ನನ್ನನ್ನು ಖಾಯಮ್ಮಾಗಿ ಇಟ್ಟುಕೊಳ್ಳುವಷ್ಟು ಆಪರೇಷನ್ ಇರುವುದಿಲ್ಲ. ಹಾಗಾಗಿ ಓಲಗದವರು ಮದುವೆ ಮನೆಯಿಂದ ಮದುವೆ ಮನೆಗೆ ಹೋದ ಹಾಗೆ ನಾನೂ ಫೋನು ಬಂದ ಕಡೆಗೆ ಕಾರು ತಿರುಗಿಸುತ್ತೇನೆ. ಜನ ನನ್ನನ್ನು ‘ಮತ್ತಿನ ಡಾಕ್ಟ್ರಮ್ಮ’ ಅನ್ನುತ್ತಾರೆ. ಆಪರೇಷನ್ ಮಾಡಿದ ಡಾಕ್ಟರ ಮನೆಗೆ ಆಮೇಲೆ ಬಾಳೆಗೊನೆ ಬರುತ್ತದೆ, ಅವರೆಕಾಯಿ ಬರುತ್ತದೆ. ನನಗೆ ಬರುವುದಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಕಾಯಿಲೆಯವರಿಗೆ ನನ್ನ ಮುಖ ನೆನಪಿರುವುದಿಲ್ಲ, ಮರೆಯುವ ಔಷಧಿಯನ್ನು ನಾನೇ ಕೊಟ್ಟಿರುತ್ತೇನೆ.

ಮಲಗಿಸುವುದು ಸುಲಭ, ಎಬ್ಬಿಸುವುದೇ ಕೆಲಸ. ಗ್ಯಾಸು ನಿಲ್ಲಿಸಬೇಕು. ಕೈಕಾಲು, ಎದೆ ಎಲ್ಲದರ ಸ್ನಾಯುವನ್ನು ಸಡಿಲ ಮಾಡಿದ್ದ ಔಷಧಿಯ ಬಲ ಮುರಿಯಲು ಇನ್ನೊಂದು ಇಂಜೆಕ್ಷನ್ ಕೊಡಬೇಕು. ಆಮೇಲೆ ಹೆಸರು ಹಿಡಿದು ಕೂಗಬೇಕು. ಕಣ್ಣು ಬಿಡಿ, ನನ್ನ ಕೈ ಗಟ್ಟಿಯಾಗಿ ಹಿಡೀರಿ, ತಲೆ ಎತ್ತಿ. ಇಷ್ಟಾದರೆ ಗಂಟಲಿನ ಕೊಳವೆ ತೆಗೆಯಬಹುದು. ಬಾಗಿಲಾಚೆ ನಿಂತಿರುವವರಿಗೆ ಬೇಕಾದದ್ದೂ ಅಷ್ಟೇ ಸುದ್ದಿ, ಎದ್ದರಾ ಇಲ್ಲವಾ. ಈ ಪ್ರಸಂಗಗಳಲ್ಲಿ ಬರುವವರೆಲ್ಲ ಎದ್ದವರೇ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಹೀಗೆ ಹಗುರವಾಗಿ ಹೇಳುತ್ತಾ ಕೂರುತ್ತಿರಲಿಲ್ಲ.

೧. ಕರೆಯುವ ಹೆಸರು

ಪಾಂಡವಪುರದಲ್ಲಿ ಒಬ್ಬ ಗೌಡರಿಗೆ ಹರ್ನಿಯಾ ಆಪರೇಷನ್ ಆಯಿತು. ಕೈ ಹಿಡಿದು ತಲೆ ಎತ್ತಿದ್ದರು, ಕೊಳವೆ ತೆಗೆದಿದ್ದೆ, ಉಸಿರಾಟ ಚೆನ್ನಾಗಿತ್ತು, ಎಲ್ಲವೂ ಸರಿಯಾಗಿತ್ತು. ಆದರೆ ಆಮೇಲೆ ಹೆಸರು ಹಿಡಿದು ಎಷ್ಟು ಕೂಗಿದರೂ ಮನುಷ್ಯ ಓಗೊಡಲಿಲ್ಲ. ನಾನು ಕೂಗಿದೆ, ಸಿಸ್ಟರು ಕೂಗಿದರು, ಆಪರೇಷನ್ ಮಾಡಿದ ಡಾಕ್ಟರೂ ಕೂಗಿದರು. ಆಧಾರ್ ಕಾರ್ಡಿನಲ್ಲಿರುವ ಹೆಸರನ್ನು ನಮ್ಮ ಕಡೆ ಯಾರೂ ಬಳಸುವುದಿಲ್ಲ, ಅದು ಬ್ಯಾಂಕಿಗೂ ಆಸ್ಪತ್ರೆಗೂ ಮೀಸಲು. ಮನೆಯಲ್ಲಿ ಬೇರೆಯೇ ಹೆಸರು ಇರುತ್ತದೆ. ಅದನ್ನು ಕೇಳೋಣ ಎಂದು ಹೆಂಡತಿಯನ್ನು ಒಳಗೆ ಕರೆಸಿದೆ.

ಇವರನ್ನು ಮನೆಯಲ್ಲಿ ಏನಂತ ಕರೆಯುತ್ತಾರೆ ಎಂದು ಕೇಳಿದರೆ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ ಎಂಬುದು ಅವರ ಪ್ರಶ್ನೆ. ಊರಿನವರು ಕರೆಯುವ ಅಡ್ಡಹೆಸರಾದರೂ ಹೇಳಿ ಅಂದೆ. ಅದೂ ಹೆಸರೇ ತಾನೆ, ಆಗುವುದಿಲ್ಲ ಅಂದರು. ಹಾಗಾದರೆ ಇಷ್ಟು ವರ್ಷ ನೀವು ಹೇಗೆ ಕರೆದಿರಿ ಎಂದು ಕೇಳಿದೆ.

ಕರೆಯುವುದೇ ಇಲ್ಲ, ‘ಕೇಳುಸ್ತಾ’ ಅಂತ ಅಂದರೆ ಅವರಿಗೆ ಗೊತ್ತಾಗುತ್ತದೆ ಎಂದರು ಆಕೆ. ಸರಿ, ಅದನ್ನೇ ಅನ್ನಿ ಎಂದೆ. ಅಷ್ಟು ಜನರ ಮುಂದೆ ಆಕೆಗೆ ನಾಚಿಕೆ. ಬಗ್ಗಿ, ನಾವೆಲ್ಲ ಕೂಗಿದ್ದರ ಕಾಲು ಭಾಗದ ದನಿಯೂ ಇಲ್ಲದೆ, ಗಂಡನ ಕಿವಿಯ ಹತ್ತಿರ ‘ಕೇಳುಸ್ತಾ’ ಅಂದರು.

ಗೌಡರು ಕಣ್ಣು ಬಿಡಲಿಲ್ಲ, ಆದರೆ ಮಾತು ಸ್ಪಷ್ಟವಾಗಿತ್ತು. “ಕೇಳುಸ್ತು ಬುಡು, ನಾಳೀಕ್ ನೋಡಾನ.”

ನಾನು ಇನ್ನೊಮ್ಮೆ ನಾಡಿ ನೋಡಲು ಹೋದೆ. ಹೆಂಡತಿ ನನ್ನನ್ನು ತಡೆದು, ಸೆರಗು ಸರಿಮಾಡಿಕೊಂಡು ನೆಮ್ಮದಿಯಿಂದ ಹೇಳಿದರು. “ಉಸಾರಾಗವ್ರೆ ಕಣವ್ವ. ಅಟ್ಟೀಲೂ ಇಂಗೇಯ.”

೨. ತೂಕ

ಕಬ್ಬು ಕಡಿಯುವ ಕಾಲ. ಆಲೆಮನೆಯಿಂದ ಹಿಡಿದು ಕಾರ್ಖಾನೆಯವರೆಗೆ ಎಲ್ಲಿ ನೋಡಿದರೂ ಟ್ರಾಕ್ಟರು. ಹೀಗೆ ಕಾರ್ಖಾನೆಯ ಮುಂದೆ ತೂಕದ ಸಾಲಿನಲ್ಲಿ ನಿಂತಿದ್ದ ಒಬ್ಬ ಡ್ರೈವರು ಹೊಟ್ಟೆ ಹಿಡಿದುಕೊಂಡು ಕುಸಿದ. ಅಪೆಂಡಿಕ್ಸು. ಶ್ರೀರಂಗಪಟ್ಟಣಕ್ಕೆ ತಂದರು. ಅವನಿಗೆ ನೋವಿಗಿಂತ ತನ್ನ ಸರದಿಯ ಚಿಂತೆ ಜಾಸ್ತಿ ಇತ್ತು. ಟ್ರಾಕ್ಟರಿನ ಹತ್ತಿರ ತಮ್ಮನನ್ನು ನಿಲ್ಲಿಸಿ ಬಂದಿದ್ದ. ಆ ತಮ್ಮನಿಗೆ ಟೀ ಚಟ. ಅವನು ಟೀ ಅಂಗಡಿಗೆ ಹೋದ ಗಳಿಗೆಯಲ್ಲಿ ಹಿಂದಿನವನು ಗಾಡಿ ನುಗ್ಗಿಸಿಬಿಡುತ್ತಾನೆ ಎಂದು, ನಾನು ಔಷಧಿ ಏರಿಸುತ್ತಿದ್ದಾಗಲೂ ಹೇಳುತ್ತಲೇ ಇದ್ದ. ಹೇಳುತ್ತಾ ಹೇಳುತ್ತಾ ನಿದ್ದೆಗೆ ಹೋದ.

ಆಪರೇಷನ್ ಮುಗಿಯಿತು. ಇಂಜೆಕ್ಷನ್ ಕೊಟ್ಟು ಕೂಗಿದೆ. ತಲೆ ಎತ್ತಪ್ಪ ಅಂದ ಕೂಡಲೇ ಎತ್ತಿದ. ಅಷ್ಟು ಚೆನ್ನಾಗಿ ತಲೆ ಎತ್ತುವವರು ಅಪರೂಪ. ಕತ್ತು ಚಾಚಿ ತನ್ನ ಕಾಲಿನಾಚೆ ದೂರಕ್ಕೆ ನೋಡಿದ. ಕೊಳವೆ ತೆಗೆದ ಮೇಲೆ ಮೊದಲು ಕೇಳಿದ್ದು, ಮುಂದೆ ಎಷ್ಟು ಗಾಡಿ ಇವೆ ಅಂತ. ಯಾವ ಗಾಡಿಯೂ ಇಲ್ಲ, ನಿಮ್ಮದು ಮುಗೀತು ಅಂದೆ. ಅವನ ಮುಖ ಅರಳಿತು.

ತೂಕ ಆಯ್ತಾ ಎಂದು ಕೇಳಿದ. ನಮ್ಮ ಸಿಸ್ಟರು ಯಾರು ಏನು ಕೇಳಿದರೂ ಕೇಸ್ ಶೀಟು ನೋಡಿ ಉತ್ತರ ಕೊಡುವವರು. ಆಯ್ತಲ್ಲ, ಅರವತ್ತೆಂಟು ಅಂದರು.

ಅರಳಿದ್ದ ಮುಖ ಗಂಟಿಕ್ಕಿತು. ಅರವತ್ತೆಂಟೇ ಕ್ವಿಂಟಾಲಾ, ಲೋಡು ನಾನೇ ನಿಂತು ಕಟ್ಟಿಸಿದ್ದು, ಅಷ್ಟು ಕಡಿಮೆ ಬರಲು ಸಾಧ್ಯವೇ ಇಲ್ಲ ಎಂದು ಶುರು ಮಾಡಿದ. ನಮ್ಮ ಕಡೆಯವರು ಯಾವ ಊರ ತಕ್ಕಡಿಯನ್ನೂ ನಂಬುವವರಲ್ಲ, ಮನೆಯ ತಕ್ಕಡಿಯನ್ನೂ ನಂಬುವುದಿಲ್ಲ. ಅರ್ಧ ನಿದ್ದೆಯಲ್ಲಿ ಆ ಅಪನಂಬಿಕೆ ಇನ್ನೂ ಗಟ್ಟಿಯಾಗಿರುತ್ತದೆ. ಅವನು ಡ್ರಿಪ್ಪಿನ ಸೂಜಿ ಕಿತ್ತುಕೊಳ್ಳದ ಹಾಗೆ ಕೈ ಹಿಡಿಯಲು ಇಬ್ಬರು ಬೇಕಾಯಿತು. ಕೊನೆಗೆ ಸಿಸ್ಟರು ಅವನ ಭುಜ ಹಿಡಿದು, ಅಣ್ಣ, ಅದು ಕಬ್ಬಿನ ತೂಕ ಅಲ್ಲ, ನಿಮ್ಮ ತೂಕ, ಕೇಜಿ, ಆಪರೇಷನ್ನಿಗೆ ಮುಂಚೆ ನಾನೇ ನೋಡಿದ್ದು ಎಂದು ಬಿಡಿಸಿ ಹೇಳಿದರು.

ಅವನು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದ. ಕಣ್ಣು ಮತ್ತೆ ಮುಚ್ಚಿಕೊಳ್ಳುತ್ತಿತ್ತು. “ಯಾರ್ದಾದ್ರೇನವ್ವ,” ಅಂದ, “ತಿರ್ಗಾ ತೂಗ್ಸಿ.”

೩. ಮೈ ಬಗ್ಗದವನು

ನಾಗಮಂಗಲದಲ್ಲಿ ಒಬ್ಬ ತಾಯಿ ತನ್ನ ಮಗಳ ಆಪರೇಷನ್ನಿಗೆ ಬಂದಿದ್ದರು. ಮಗಳು ಎದ್ದು ಮಾತಾಡಿದ ಮೇಲೆ, ಅದು ಹೇಗೆ ಅಷ್ಟು ಬೇಗ ಎಬ್ಬಿಸಿದಿರಿ ಎಂದು ನನ್ನನ್ನು ಕೇಳಿದರು. ಒಂದು ಇಂಜೆಕ್ಷನ್ ಇದೆ ಎಂದೆ. ಹೇಳಬಾರದಿತ್ತು.

ಆಕೆ ನನ್ನ ಜೊತೆ ಕಾರಿನವರೆಗೆ ಬಂದರು. ಮನೆಯಲ್ಲಿ ಒಬ್ಬ ಮಗ ಇದ್ದಾನಂತೆ. ಹಾಲು ಕರೆದು, ಡೈರಿಗೆ ಹಾಕಿ, ಕೊಟ್ಟಿಗೆ ಬಾಚಿ, ಹಸುಗಳನ್ನು ಹೊರಗೆ ಕಟ್ಟಿದರೂ ಅವನು ಏಳುವುದಿಲ್ಲವಂತೆ. ಅವನಿಗೂ ಆ ಇಂಜೆಕ್ಷನ್ ಒಂದು ಬರೆದುಕೊಡಿ ಅಂದರು.

ನಾನು ನಿಂತು ವಿವರಿಸಿದೆ. ಅದು ನಿದ್ದೆ ಬಿಡಿಸುವ ಇಂಜೆಕ್ಷನ್ ಅಲ್ಲ. ಆಪರೇಷನ್ನಿಗೆ ಎಂದು ನಾವು ಮೊದಲು ಒಂದು ಔಷಧಿ ಕೊಡುತ್ತೇವೆ, ಅದರಿಂದ ಕೈಕಾಲು ಆಡುವುದು ನಿಂತುಹೋಗುತ್ತದೆ, ಎತ್ತಿದರೂ ಏಳುವುದಿಲ್ಲ. ಆ ಔಷಧಿಯ ಬಲವನ್ನು ಮುರಿಯಲು ಮಾತ್ರ ಇದು. ಆಕೆ ಪ್ರತಿ ಮಾತಿಗೂ ತಲೆದೂಗಿ ಕೇಳಿದರು. ಇಷ್ಟು ತಾಳ್ಮೆಯಿಂದ ಕೇಳುವವರು ಸಿಗುವುದಿಲ್ಲ ಎಂದು ನನಗೂ ಖುಷಿಯಾಯಿತು.

“ಅದೇ ಕಾಯ್ಲೆ ಕಣವ್ವ ಅವ್ನಿಗೂ,” ಅಂದರು. “ಯಾವನೋ ಔಸ್ದಿ ಕೊಟ್ಬುಟ್ಟವ್ನೆ, ನೀನು ಮುರ್ದುಕೊಡು.”

೪. ಆಚಾರ್ರ ಗುಟ್ಟು

ಅರಿವಳಿಕೆಯಲ್ಲಿ ಮನುಷ್ಯ ತನ್ನ ಗುಟ್ಟನ್ನೆಲ್ಲ ಹೊರಗೆ ಹಾಕುತ್ತಾನೆ ಎಂಬ ನಂಬಿಕೆ ನಾನು ತಿರುಗುವ ಎಲ್ಲ ತಾಲ್ಲೂಕುಗಳಲ್ಲೂ ಇದೆ. ಬಹಳಷ್ಟು ಜನ ಹಾಗೇನೂ ಮಾಡುವುದಿಲ್ಲ. ನೀರು ಕೇಳುತ್ತಾರೆ, ಚಳಿ ಅನ್ನುತ್ತಾರೆ, ಕೆಲವರು ಅಳುತ್ತಾರೆ. ಇದನ್ನು ನಾನು ಕೆ.ಆರ್. ಪೇಟೆಯ ಒಬ್ಬ ಚಿನ್ನದ ಕೆಲಸದ ಆಚಾರ್ರಿಗೆ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಆಪರೇಷನ್ನಿಗೆ ಮುಂಚೆ ಅವರು ಹೆಂಡತಿಯನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿ, ನನ್ನನ್ನು ಹತ್ತಿರ ಕರೆದರು. ತಾವು ಏಳುವ ಹೊತ್ತಿನಲ್ಲಿ ಹೆಂಡತಿ ಹತ್ತಿರ ಇರಬಾರದು, ಅದೊಂದು ನಡೆಸಿಕೊಡಿ ಎಂದು ಕೇಳಿಕೊಂಡರು. ಅವರ ಮುಖ ನೋಡಿದರೆ ಪಾಪ ಅನ್ನಿಸಿತು. ಚಿನ್ನದ ಕೆಲಸದವರು, ಯಾವುದೋ ಬಳೆಯ ವಿಷಯವೋ ಸರದ ವಿಷಯವೋ ಇರಬೇಕು ಎಂದುಕೊಂಡು ನಾನು ಹೆಚ್ಚು ಕೇಳಲಿಲ್ಲ. ಆಗಲಿ ಎಂದೆ.

ನಾನೇನೋ ಆಗಲಿ ಎಂದೆ, ಆದರೆ ಹೆಂಡತಿಯೂ ಒಂದು ಮಾತು ಕೊಟ್ಟುಬಂದಿದ್ದರು, ಮನೆದೇವರಿಗೆ. ಗಂಡ ಕಣ್ಣು ಬಿಟ್ಟಾಗ ಮೊದಲು ಕಾಣುವುದು ತನ್ನ ಮುಖವೇ ಆಗಿರಬೇಕು ಎಂದು ಹರಸಿಕೊಂಡಿದ್ದರಂತೆ. ನಾನು ಇನ್ನೊಂದು ಕಾಯಿಲೆಯವರನ್ನು ನೋಡಲು ಆ ಕಡೆ ತಿರುಗಿದಾಗ ಆಕೆ ಬಂದು ಮಂಚದ ಪಕ್ಕ ನಿಂತಾಗಿತ್ತು. ದೇವರಿಗೆ ಹೊತ್ತ ಹರಕೆಯ ಮುಂದೆ ನನ್ನ ಮಾತು ಏನು ನಡೆದೀತು?

ಆಚಾರ್ರು ಕಣ್ಣು ಬಿಟ್ಟರು. ಹೆಂಡತಿಯ ಮುಖವನ್ನು ಕಂಡರೋ ಇಲ್ಲವೋ, ಪಕ್ಕದಲ್ಲಿದ್ದ ವಾರ್ಡ್ ಬಾಯ್‌ನ ಅಂಗಿ ಹಿಡಿದುಕೊಂಡರು. ಎರಡು ಪ್ಲೇಟ್ ಕಬಾಬು ಹಾಕು ಅಂದರು. ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ವಾರ್ಡಿನವರೆಲ್ಲ ಇತ್ತ ತಿರುಗಿದರು. ಆಚಾರ್ರು ಅಷ್ಟಕ್ಕೇ ನಿಲ್ಲಿಸಲಿಲ್ಲ, ಬೋಟಿ ಗೊಜ್ಜು ಬಿಸಿ ಇದೆಯಾ ಎಂದು ವಿಚಾರಿಸಿದರು. ವಾರ್ಡ್ ಬಾಯ್ ಅವರ ಮಾನ ಉಳಿಸಲು, ಖಾಲಿಯಾಯಿತು ಸ್ವಾಮಿ ಅಂದ.

“ನಂಗೆ ಅಂತ ಎತ್ತಿಡು ಅಂತ ಯಾವಾಗ್ಲೂ ಯೋಳಿರ್ತೀನಲ್ಲಾ,” ಎಂದರು ಆಚಾರ್ರು, ಬೇಸರದಿಂದ.

ಆಮೇಲೆ ಅವರಿಗೆ ಒಂದು ಜೋಂಪು ಹತ್ತಿತು. ಪೂರ್ತಿ ಎಚ್ಚರವಾದಾಗ ಮೊದಲು ನನ್ನನ್ನು ಹುಡುಕಿದರು, ಕಣ್ಣಲ್ಲೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅವರ ಹಣೆ ಒರೆಸಿ, ಏನೂ ಮಾತಾಡಲಿಲ್ಲ, ಸುಮ್ಮನೆ ಮಲಗಿದ್ದಿರಿ, ಮಲಗಿ ಎಂದರು. ಆಚಾರ್ರು ಒಂದು ದೊಡ್ಡ ಉಸಿರು ಬಿಟ್ಟು ಕಣ್ಣು ಮುಚ್ಚಿದರು. ಅಷ್ಟು ಒಳ್ಳೆಯ ಉಸಿರಾಟವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಆಕೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ಆಚೀಚೆ ನೋಡಿ ಮೆಲ್ಲಗೆ ಹೇಳಿದರು. “ಕಬಾಬಿನ ಇಸ್ಯ ಮದ್ವೆಯಾದ್ ವರ್ಸವೇ ಗೊತ್ತಾಗಿತ್ತು ಕಣಮ್ಮ, ಅವ್ರ ಅಂಗಿ ಒಗ್ಯೋಳು ನಾನೇ ತಾನೆ? ಬೋಟಿ ಮಾತ್ರ ಇವತ್ತೇ ಗೊತ್ತಾಗಿದ್ದು.”

೫. ಮೊಮ್ಮಕ್ಕಳ ಸರದಿ

ನಿದ್ದೆಯ ಔಷಧಿ ಕೊಡುವಾಗ ಒಂದರಿಂದ ಎಣಿಸಿ ಎಂದು ಹೇಳುವುದು ರೂಢಿ. ಬೆಳಗೊಳದ ಕಡೆಯ ಒಬ್ಬ ಅಜ್ಜಿ, ಎಣಿಸುವುದು ತನಗೆ ಬರುವುದಿಲ್ಲ ಎಂದರು. ಹಾಗಾದರೆ ಮೊಮ್ಮಕ್ಕಳ ಹೆಸರು ಹೇಳಿ ಎಂದೆ. ಅಜ್ಜಿಗೆ ಬಹಳ ಸಂತೋಷವಾಯಿತು. ಮೂರು ಹೆಸರು ಹೇಳಿದರು, ನಾಲ್ಕನೆಯದಕ್ಕೆ ಬಾಯಿ ತೆರೆದರು, ಅಷ್ಟರಲ್ಲಿ ನಿದ್ದೆ ಹತ್ತಿತು.

ಆಪರೇಷನ್ ಮುಗಿದು ಅಜ್ಜಿಯನ್ನು ಎಬ್ಬಿಸಿ ಹೊರಗೆ ತಂದೆವು. ಮಲಗಿದವರಿಗೆ ನಡುವೆ ಹೋದ ಹೊತ್ತಿನ ಲೆಕ್ಕ ಇರುವುದಿಲ್ಲ. ಅಜ್ಜಿ ತಾವು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿದರು. ನಾಲ್ಕನೆಯ ಮೊಮ್ಮಗನ ಹೆಸರು, ಐದನೆಯ ಮೊಮ್ಮಗಳ ಹೆಸರು, ಹೀಗೆ ಕೊನೆಯ ಕೂಸಿನವರೆಗೆ ಹೇಳಿ ಮುಗಿಸಿದರು. ಮುಗಿಸಿ, ಇನ್ನೂ ಯಾಕೆ ಶುರು ಮಾಡಿಲ್ಲ ಎಂದು ನನ್ನನ್ನು ಕೇಳಿದರು.

ಬಾಗಿಲಲ್ಲಿ ಮನೆಯವರೆಲ್ಲ ನಿಂತಿದ್ದರು. ಅಜ್ಜಿ ಸಾವಿನ ಬಾಯಿಂದ ಎದ್ದು ಬಂದು ಮೊದಲು ನೆನೆದದ್ದು ಮೊಮ್ಮಕ್ಕಳನ್ನು ಎಂದು ಕೆಲವರು ಕಣ್ಣೊರೆಸಿಕೊಂಡರು. ಹಿರಿಯ ಸೊಸೆ ಒರೆಸಿಕೊಳ್ಳಲಿಲ್ಲ. ಅವರ ಮಕ್ಕಳ ಹೆಸರು ಅಜ್ಜಿಯ ಬಾಯಲ್ಲಿ ಬಂದಿರಲೇ ಇಲ್ಲ. ಎಲ್ಲ ಮಕ್ಕಳ ಹೆಸರೂ ಬಂದು ತನ್ನವರದು ಮಾತ್ರ ಬಿಟ್ಟುಹೋದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ಆಕೆ ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ದಾರಿ ಹಿಡಿಯಲು ಹೊರಟೇಬಿಟ್ಟರು.

ನಾನು ಹೋಗಿ ಅಡ್ಡ ನಿಂತೆ. ಮೊದಲ ಮೂರು ಹೆಸರು ಒಳಗೇ ಆಗಿಹೋದವು, ನಿದ್ದೆ ಬರುವ ಮುಂಚೆ ಹೇಳಿದ್ದರು, ನಾನೇ ಕೇಳಿಸಿಕೊಂಡೆ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಆ ಮೂರು ಹೆಸರು ಯಾವುವು ಎಂದು ಕೇಳಿದರು. ನಾನು ಆಗ ನೋಡುತ್ತಿದ್ದದ್ದು ಅಜ್ಜಿಯ ಉಸಿರನ್ನು, ಹೆಸರನ್ನಲ್ಲ. ಒಂದೂ ನೆನಪಿರಲಿಲ್ಲ. ಆದರೆ ಒಂದು ಮನೆ ಒಡೆಯುವುದು ನನ್ನ ಕಣ್ಣ ಮುಂದೆ ಕಾಣುತ್ತಿತ್ತು. ಹಾಗಾಗಿ ಧೈರ್ಯ ಮಾಡಿ, ಮೂರೂ ನಿಮ್ಮ ಮಕ್ಕಳ ಹೆಸರೇ ಎಂದೆ.

ಆಕೆಗೆ ಇರುವುದು ಇಬ್ಬರೇ ಎಂದು ಆಮೇಲೆ ಗೊತ್ತಾಯಿತು.

೬. ಟೆಲಿಫೋನ್ ಕಂಬ

ಇದು ಕೆ.ಆರ್. ಪೇಟೆಯಲ್ಲಿ ನಡೆದದ್ದು. ಹೇಮಗಿರಿ ಕಡೆಯ ಒಬ್ಬ ಯಜಮಾನರು, ವಯಸ್ಸಾಗಿದ್ದರೂ ಗಟ್ಟಿಮುಟ್ಟು, ಪಿತ್ತಕೋಶದ ಕಲ್ಲಿಗೆ ಆಪರೇಷನ್ನು. ಹಿಂದಿನ ದಿನ ಅವರನ್ನು ನೋಡಲು ಹೋದೆ. ಮಂಚದ ಈ ಕಡೆ ದೊಡ್ಡ ಮಗ, ಆ ಕಡೆ ಚಿಕ್ಕ ಮಗ, ನಡುವೆ ಯಜಮಾನರು. ಬಿ.ಪಿ. ಮಾತ್ರೆ ಸರಿಯಾಗಿ ತಗೊಳ್ತಿದ್ದಾರಾ ಎಂದು ದೊಡ್ಡವನನ್ನು ಕೇಳಿದೆ. ಅವನು ನನಗೆ ಉತ್ತರ ಕೊಡಲಿಲ್ಲ. ಅಪ್ಪನ ಕಡೆ ತಿರುಗಿದ.

“ಅಪ್ಪ, ನಿನ್ ಮಗನ್ಗೆ ಕೇಳು, ಬೆಳಿಗ್ಗೆ ಮಾತ್ರೆ ಕೊಟ್ನಾ ಅಂತ.”

ಮಗ ಅಂದರೆ ಒಂದು ಮಾರು ದೂರದಲ್ಲಿ ನಿಂತಿದ್ದ ಅವನ ತಮ್ಮ. ಯಜಮಾನರು ಆ ಕಡೆ ತಿರುಗಿ, ಮಾತ್ರೆ ಕೊಟ್ಟೆಯಾ ಅಂತ ಕೇಳುತ್ತಿದ್ದಾನೆ ಎಂದರು. ತಮ್ಮ, ಕೊಟ್ಟಿದ್ದೀನಿ ಅಂತ ಹೇಳಪ್ಪ ಎಂದ. ಯಜಮಾನರು ಈ ಕಡೆ ತಿರುಗಿ, ಕೊಟ್ಟಿದ್ದಾನಂತೆ ಎಂದರು. ಆಮೇಲೆ ದೊಡ್ಡವನು ನನ್ನನ್ನು ನೋಡಿ, ಕೊಟ್ಟಿದ್ದಾನಂತೆ ಡಾಕ್ಟ್ರಮ್ಮ ಅಂದ. ಹೀಗೆ ಸಕ್ಕರೆ ಕಾಯಿಲೆ, ಉಬ್ಬಸ, ಹಿಂದಿನ ಆಪರೇಷನ್ ಎಲ್ಲವನ್ನೂ ವಿಚಾರಿಸುವಷ್ಟರಲ್ಲಿ ಯಜಮಾನರ ಕತ್ತು ಸೋತುಹೋಯಿತು.

ಮಕ್ಕಳು ಊಟಕ್ಕೆ ಹೋದಾಗ, ಬೇರೆ ಬೇರೆ ಹೋಟೆಲಿಗೆ, ಯಜಮಾನರೇ ವಿಷಯ ಹೇಳಿದರು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಇಬ್ಬರೂ ಒಂದೇ ಸೀಟಿಗೆ ನಿಂತರು. ಮನೆಯ ಓಟು, ಬೀದಿಯ ಓಟು, ನೆಂಟರ ಓಟು ಎಲ್ಲ ಎರಡು ಹೋಳಾಗಿ, ಯಾರೂ ಲೆಕ್ಕಕ್ಕೆ ಇಟ್ಟಿರದ ಮೂರನೆಯವನು ಗೆದ್ದ. ಅಂದಿನಿಂದ ಅಣ್ಣತಮ್ಮಂದಿರು ಮಾತು ಬಿಟ್ಟರು. ಒಂದೇ ಹಟ್ಟಿ, ಒಂದೇ ಕೊಟ್ಟಿಗೆ, ಒಂದೇ ಮೋಟಾರು. ಮಾತಿಲ್ಲದೆ ನಡೆಯುವುದಿಲ್ಲ. ಹಾಗಾಗಿ ಮಾತೆಲ್ಲ ಅಪ್ಪನ ಮೂಲಕ.

“ಆ ಅಟ್ಟಿಗೆ ನಾನೇ ಟೆಲಿಪೋನ್ ಕಂಬ ಕಣವ್ವ,” ಎಂದರು. “ಆಪ್ರೇಸನ್ ಭಯ ನಂಗಿಲ್ಲ. ಕಣ್ ಮುಚ್ಚೋದ್ರೊಳ್ಗೆ ಈ ಇಬ್ರು ಮೊಕ ಮೊಕ ನೋಡ್ಕಂಡು ಒಂದ್ ಮಾತಾಡಿದ್ದ ಕೇಳ್ಬೇಕು. ಅದೊಂದೇಯ.”

ಇಂಥ ಆಸೆಗಳಿಗೆ ನನ್ನ ಹತ್ತಿರ ಔಷಧಿ ಇಲ್ಲ. ನಾಳೆ ಬೆಳಿಗ್ಗೆ ಏನೂ ತಿನ್ನಬೇಡಿ, ಬಿ.ಪಿ. ಮಾತ್ರೆ ಮಾತ್ರ ಒಂದು ಗುಟುಕು ನೀರಿನಲ್ಲಿ ಕೊಡಲು ಹೇಳಿ ಎಂದಷ್ಟೇ ಹೇಳಿ ಬಂದೆ.

ಮಾರನೆಯ ದಿನ ಆಪರೇಷನ್ ಚೆನ್ನಾಗಿ ಆಯಿತು. ಹೊರಗೆ ಮಾತ್ರ ಕಷ್ಟವಾಯಿತು, ಕಂಬ ಒಳಗೆ ಮಲಗಿತ್ತಲ್ಲ. ಔಷಧಿ ಅಂಗಡಿಗೆ ಯಾರು ಹೋಗಬೇಕು, ಮನೆಗೆ ಫೋನು ಯಾರು ಮಾಡಬೇಕು ಎಂಬುದನ್ನೆಲ್ಲ ಅವರು ಸಿಸ್ಟರ ಮೂಲಕ ನಡೆಸಲು ನೋಡಿದರು. ಸಿಸ್ಟರು ಒಂದೆರಡು ಸಲ ಆ ಕಡೆ ಈ ಕಡೆ ಹೇಳಿ, ನನಗೆ ಬೇರೆ ಕೆಲಸ ಇದೆ ಎಂದು ಹೊರಟುಹೋದರಂತೆ. ಒಳಗೆ ಯಜಮಾನರು ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣು ಬಿಟ್ಟರು, ಕೈ ಹಿಡಿದರು, ತಲೆ ಎತ್ತಿದರು. ಕೊಳವೆ ತೆಗೆದು, ಎಲ್ಲ ಸರಿ ಇದೆ ಎಂದು ನೋಡಿಕೊಂಡು ವಾರ್ಡಿಗೆ ಕಳಿಸಿದೆ.

ಕೈ ತೊಳೆದುಕೊಳ್ಳುತ್ತಿದ್ದೆ, ಸಿಸ್ಟರು ಓಡಿಬಂದರು. ಎಷ್ಟು ಕೂಗಿದರೂ ಯಜಮಾನರು ಮಾತಾಡುತ್ತಿಲ್ಲ ಎಂದರು.

ನನಗೆ ನಿಜವಾಗಿ ಭಯವಾಯಿತು. ವಯಸ್ಸಾದವರಲ್ಲಿ, ಮುರಿದ ಔಷಧಿಯ ಬಲ ಕೆಲವೊಮ್ಮೆ ತಿರುಗಿ ಬರುವುದುಂಟು. ಆಗ ಕೈಕಾಲು ಮತ್ತೆ ಸೋಲುತ್ತದೆ, ಉಸಿರೂ ಸೋಲುತ್ತದೆ. ಹೋಗಿ ನೋಡಿದರೆ ಯಜಮಾನರು ಕಣ್ಣು ಮುಚ್ಚಿ ಮಲಗಿದ್ದರು. ನಾಡಿ ಸರಿಯಾಗಿತ್ತು, ಆಕ್ಸಿಜನ್ ಸರಿಯಾಗಿತ್ತು. ಕೂಗಿದೆ, ಭುಜ ತಟ್ಟಿದೆ. ಇಲ್ಲ. ನನ್ನ ಮುಖ ನೋಡಿ ಇಬ್ಬರು ಮಕ್ಕಳ ಮುಖವೂ ಬಿಳುಚಿತು.

ದೊಡ್ಡವನು ಅಭ್ಯಾಸದಂತೆ ಶುರು ಮಾಡಿದ. ಅಪ್ಪ, ನಿನ್ನ ಮಗನಿಗೆ ಕೇಳು ಅಂದ. ಅಪ್ಪ ಕೇಳಲಿಲ್ಲ. ಇನ್ನೊಮ್ಮೆ ಅಪ್ಪ ಅಂದ, ದನಿ ಒಡೆದಿತ್ತು. ಆಮೇಲೆ ಮಂಚದ ಆಚೆಗೆ ನೋಡಿದ.

“ಲೇ, ಬೆಳಿಗ್ಗೆ ಮಾತ್ರೆ ಏನಾರ ಕೊಟ್ಟಿದ್ಯೇನ್ಲಾ?”

“ಡಾಕ್ಟ್ರೇ ಕೊಡಿ ಅಂದಿದ್ರು ಕಣಣ್ಣ,” ಅಂದ ತಮ್ಮ. “ಒಂದ್ ಗುಟ್ಕು ನೀರ್ನಲ್ಲಿ ಕೊಟ್ಟೆ, ಅಷ್ಟೇಯ.”

ಅದೇ ಹೊತ್ತಿಗೆ ನಾನು ಯಜಮಾನರ ಕೈ ಹಿಡಿದು ಶಕ್ತಿ ಇದೆಯಾ ಎಂದು ನೋಡುತ್ತಿದ್ದೆ. ಆ ಕೈ ನನ್ನ ಕೈಯನ್ನು ಅಮುಕಿತು. ಬೆರಳು ಮುರಿದೇಹೋಯಿತು ಎನ್ನುವಷ್ಟು ಬಿಗಿಯಾಗಿ ಅಮುಕಿತು. ಅರಿವಳಿಕೆ ಪೂರ್ತಿ ಇಳಿದಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಕಾಗಿರಲಿಲ್ಲ. ನಾನು ಬಗ್ಗಿ, ಕಣ್ಣು ಬಿಡಿ ಯಜಮಾನ್ರೆ ಎಂದು ಮೆಲ್ಲಗೆ ಹೇಳಿದ್ದಕ್ಕೆ ಇನ್ನೂ ಜೋರಾಗಿ ಅಮುಕಿದರು. ರೆಪ್ಪೆ ಅದುರಿತು, ಆದರೆ ತೆರೆಯಲಿಲ್ಲ.

ನನಗೆ ಅರ್ಥವಾಯಿತು. ಸ್ವಲ್ಪ ಹೊತ್ತು ನಾಡಿ ನೋಡುವ ಹಾಗೆ ನಿಂತಿದ್ದು, ಆಮೇಲೆ ಮಕ್ಕಳಿಗೆ ಹೇಳಿದೆ, ಜೀವಕ್ಕೇನೂ ಭಯವಿಲ್ಲ, ಪೂರ್ತಿ ಏಳಲು ಇನ್ನೂ ಹೊತ್ತು ಹಿಡಿಯುತ್ತದೆ, ನೀವು ಮಾತಾಡುತ್ತಾ ಇರಿ, ಮನೆಯವರ ದನಿ ಕೇಳಿದರೆ ಒಳ್ಳೆಯದು.

ಅವರು ಮಾತಾಡಿದರು. ಮೊದಲು ಅಪ್ಪನ ಗಂಜಿಯ ವಿಷಯ. ಆಮೇಲೆ ಹಸುವಿನ ವಿಷಯ, ಮೋಟಾರು ರಿಪೇರಿ ವಿಷಯ. ಎಷ್ಟೋ ದಿನದಿಂದ ಕೂಡಿಟ್ಟ ಮಾತು, ಒಂದರ ಹಿಂದೆ ಒಂದು ಬಂತು. ಯಜಮಾನರು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನನ್ನ ಕೈ ಮಾತ್ರ ಬಿಟ್ಟಿರಲಿಲ್ಲ.

ಮಾತು ಅಷ್ಟು ದೂರ ಬಂದ ಮೇಲೆ ಎಲೆಕ್ಷನ್ನಿಗೆ ಬರದೆ ಇರುತ್ತದೆಯೇ? ಬಂತು. ನೀನು ನಿಂತಿದ್ದಕ್ಕೇ ನಾನು ಸೋತಿದ್ದು ಎಂದು ಒಬ್ಬ. ಹಿರಿಯನಾಗಿ ನೀನು ಬಿಟ್ಟುಕೊಡಬೇಕಾಗಿತ್ತು ಎಂದು ಇನ್ನೊಬ್ಬ. ದನಿ ಏರಿತು. ಮಂಚದ ಮೇಲೆ ಬಗ್ಗಿ, ಅಪ್ಪನ ಹೊಟ್ಟೆಯ ಬ್ಯಾಂಡೇಜಿನ ಮೇಲೆಯೇ ಬೆರಳು ಆಡಿಸಿಕೊಂಡು ಲೇ, ಲಾ ಎಂದು ಶುರುವಾಯಿತು. ಪಕ್ಕದ ಮಂಚದವರು ನೋವು ಮರೆತು ಎದ್ದು ಕೂತರು. ಸಿಸ್ಟರು ಬಂದು, ಇಬ್ಬರನ್ನೂ ಹೊರಗೆ ಹಾಕುತ್ತೇನೆ ಎಂದು ನನ್ನನ್ನು ನೋಡಿದರು. ನಾನೂ ಸರಿ ಎಂದು ತಲೆಯಾಡಿಸಬೇಕೆಂದಿದ್ದೆ.

ಯಜಮಾನರು ನನ್ನ ಕೈಯನ್ನು ಕೆಳಕ್ಕೆ ಎಳೆದರು. ಕಣ್ಣು ಮುಚ್ಚಿಯೇ ಇತ್ತು. ತುಟಿಯ ಒಂದು ಕೊನೆ ಮಾತ್ರ ಆಡಿತು. ಮಕ್ಕಳ ಗಲಾಟೆಯಲ್ಲಿ ಅದು ನನಗೆ ಮಾತ್ರ ಕೇಳಿಸಿತು.

“ಆಡ್ಲಿ ಬುಡವ್ವ. ಇಷ್ಟ್ ದಿನ ಇಬ್ರ ಜಗ್ಳಾನೂ ನಾನೊಬ್ನೇ ಆಡ್ತಿದ್ದೆ.”